ಕೆಂಪು ಫಿಲ್ಟರಿನ ಆವರೇಜು

ಡ್ರೈವರ್ ಎಂದ ಮೇಲೆ ಡೀಸೆಲ್ ಕದಿಯದೆ ಇರುತ್ತಾನೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೇಳಲಿ. ನಾನೂ ಕದ್ದಿದ್ದೇನೆ, ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಕದಿಯದೆ ಇದ್ದ ಎರಡು ವರ್ಷಗಳನ್ನು ನೆನೆದಾಗ ಮಾತ್ರ.

ರಾಯಚೂರಿನ ಶಂಶುದ್ದೀನ್ ಸಾಹೇಬರಿಗೆ ಇದ್ದದ್ದು ಒಂದೇ ಲಾರಿ. ಎಪ್ಪತ್ತೆರಡನೇ ಇಸವಿಯಿಂದ ಅದಕ್ಕೆ ನಾನೊಬ್ಬನೇ ಡ್ರೈವರು. ವಾರಕ್ಕೆರಡು ಸಲ ಒಂದು ದೊಡ್ಡ ಸುತ್ತು ಇರುತ್ತಿತ್ತು. ಬೆಳಿಗ್ಗೆ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಗೊಬ್ಬರದ ಚೀಲ ಹೇರಿಕೊಂಡು ಮಾನ್ವಿ, ಅಲ್ಲಿಂದ ಕವಿತಾಳ, ಕವಿತಾಳದಿಂದ ದೇವದುರ್ಗ. ಅಲ್ಲಿ ಹತ್ತಿಯೋ ಶೇಂಗಾವೋ ಸಿಕ್ಕಿದ್ದನ್ನು ತುಂಬಿಕೊಂಡು ಸಂಜೆಗೆ ವಾಪಸು ರಾಯಚೂರು. ಒಟ್ಟು ನೂರಾ ಎಂಬತ್ತು ಕಿಲೋಮೀಟರು. ಹೊರಡುವಾಗ ಗಂಜಿನ ಹತ್ತಿರದ ಬಂಕಿನಲ್ಲಿ ಟ್ಯಾಂಕು ಕಂಠಮಟ್ಟ ತುಂಬಿಸುತ್ತಿದ್ದೆವು. ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದರೆ ಎಷ್ಟು ಹಿಡಿಯಿತೋ ಅಷ್ಟು ಸುಟ್ಟಿದೆ ಎಂದು ಅರ್ಥ. ನಲವತ್ತೈದು ಲೀಟರು ಹಿಡಿಯುತ್ತಿತ್ತು. ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರು. ಇದಕ್ಕೆ ನಾವು ಆವರೇಜು ಎನ್ನುತ್ತೇವೆ. ಲಾರಿಯವರು ಇಬ್ಬರು ಎದುರಾದರೆ ಹೆಂಡತಿ ಮಕ್ಕಳ ಕ್ಷೇಮಕ್ಕಿಂತ ಮೊದಲು ಕೇಳುವುದು ಆವರೇಜನ್ನು.

ನಿಜವಾಗಿ ಸುಡುತ್ತಿದ್ದದ್ದು ನಲವತ್ತೇ ಲೀಟರು. ಉಳಿದ ಐದು ಕವಿತಾಳದಲ್ಲಿ ಇಳಿಯುತ್ತಿತ್ತು. ಅಲ್ಲಿ ನನ್ನ ತಂಗಿ ಯಮನಮ್ಮನೂ ಅವಳ ಗಂಡ ಪಕೀರಪ್ಪನೂ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಕರೆಂಟನ್ನು ನಂಬಿದರೆ ಊರಿಗೆ ರೊಟ್ಟಿ ಸಿಗುವುದಿಲ್ಲವೆಂದು ಡೀಸೆಲ್ ಇಂಜಿನ್ ಇಟ್ಟಿದ್ದರು. ಗಿರಣಿಯ ಹಿಂದೆ ಲಾರಿ ನಿಲ್ಲಿಸಿ, ಟ್ಯಾಂಕಿಗೆ ರಬ್ಬರ್ ಪೈಪು ಇಳಿಬಿಟ್ಟು, ಬಾಯಿಂದ ಒಂದು ಸಲ ಎಳೆದರೆ ಸಾಕು, ಕ್ಯಾನು ತುಂಬುತ್ತಿತ್ತು. ಪಕೀರಪ್ಪ ಹಿಟ್ಟು ಮೆತ್ತಿದ ಕೈಯಲ್ಲೇ ಟ್ಯಾಂಕಿನ ಮುಚ್ಚಳ ಹಾಕಿ ನಮಸ್ಕಾರ ಮಾಡಿ ಕಳಿಸುತ್ತಿದ್ದ.

ಇದನ್ನು ನಾನು ಕಳ್ಳತನ ಎಂದುಕೊಂಡಿರಲಿಲ್ಲ. ನಮ್ಮಪ್ಪ ಗಿಲ್ಲೆಸುಗೂರಿನಲ್ಲಿ ಊರು ಕಾಯುವ ತಳವಾರಿಕೆ ಮಾಡಿದವನು. ಸುಗ್ಗಿಯಲ್ಲಿ ರಾಶಿಯಾದ ಮೇಲೆ ಬಡಿಗ, ಕಂಬಾರ, ತಳವಾರ ಎಲ್ಲರೂ ಕಣಕ್ಕೆ ಹೋಗಿ ನಿಲ್ಲುತ್ತಿದ್ದರು. ರೈತ ಮೊರದಿಂದ ಜೋಳ ಸುರಿಯುತ್ತಿದ್ದ. ಅದು ಆಯ. ವರ್ಷವಿಡೀ ಊರಿಗೆ ದುಡಿದವನ ಪಾಲು. ಹಾಗೆಯೇ ಈ ಐದು ಲೀಟರು ನನ್ನ ಆಯ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ವ್ಯತ್ಯಾಸ ಇಷ್ಟೇ: ಅಪ್ಪ ಹಗಲಲ್ಲಿ ಎಲ್ಲರ ಮುಂದೆ ಜೋಳಿಗೆ ಒಡ್ಡುತ್ತಿದ್ದ, ನಾನು ಗಿರಣಿಯ ಹಿಂದೆ ಪೈಪು ಇಳಿಸುತ್ತಿದ್ದೆ.

ಎಂಬತ್ತೊಂದರಲ್ಲಿ ಇರಾನು ಇರಾಕಿನವರು ಜಗಳವಾಡುತ್ತಿದ್ದರು, ಡೀಸೆಲ್ ದರ ರಾಯಚೂರಿನಲ್ಲಿ ಏರುತ್ತಿತ್ತು. ಆ ಸಮಯಕ್ಕೆ ಸರಿಯಾಗಿ ಹೈದರಾಬಾದಿನಿಂದ ಒಬ್ಬ ಆಸಾಮಿ ಇಳಿದ. ಸಫಾರಿ ಡ್ರೆಸ್ಸು, ಕೈಯಲ್ಲಿ ರೆಕ್ಸಿನ್ ಬ್ಯಾಗು. ಮೆಕ್ಯಾನಿಕ್ ಅಯ್ಯಣ್ಣನ ಗ್ಯಾರೇಜಿನಲ್ಲಿ ಸಾಹೇಬರೂ ನಾನೂ ನಿಂತು ಲಾರಿಗೆ ಗ್ರೀಸು ಹೊಡೆಸುತ್ತಿದ್ದಾಗ ಬಂದು, ಬ್ಯಾಗಿನಿಂದ ಒಂದು ಕೆಂಪು ಏರ್ ಫಿಲ್ಟರು ತೆಗೆದ.

ಕಂಪನಿಯಿಂದ ಬಂದ ನಮ್ಮ ಹಳೆಯ ಫಿಲ್ಟರು ಒಂದು ಕಬ್ಬಿಣದ ಡಬ್ಬಿ. ಅದರ ತಳದ ಬಟ್ಟಲಿನಲ್ಲಿ ಎಣ್ಣೆ ಇರುತ್ತದೆ. ಇಂಜಿನ್ ಎಳೆದುಕೊಳ್ಳುವ ಗಾಳಿ ಎಣ್ಣೆಯ ಮೇಲೆ ಹಾದು, ಧೂಳನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗುತ್ತದೆ. ವಾರಕ್ಕೊಮ್ಮೆ ಬಿಚ್ಚಿ ತೊಳೆಯುವಾಗ ತಳದಲ್ಲಿ ಅಂಬಲಿಯಂತೆ ಕೆಸರು ನಿಂತಿರುತ್ತಿತ್ತು. ದೇವದುರ್ಗದ ರಸ್ತೆಯ ಅರ್ಧ ಮಣ್ಣನ್ನು ನಾನು ಹೀಗೆ ಅಯ್ಯಣ್ಣನ ಗ್ಯಾರೇಜಿಗೆ ಸಾಗಿಸಿದ್ದೇನೆ.

"ಸಾಹೇಬ್, ಈ ಎಣ್ಣಿ ಡಬ್ಬಿ ಅಂದ್ರ ಇಂಜಿನ್ನಿನ ಮೂಗು ಒತ್ತಿ ಹಿಡದಂಗ," ಎಂದ ಹೈದರಾಬಾದಿನವನು. ಕೆಂಪು ಫಿಲ್ಟರನ್ನು ಬಿಸಿಲಿಗೆ ಎತ್ತಿ ಹಿಡಿದ. "ನೋಡ್ರಿ, ಬೆಳಕ ಹಾಯಾಕತ್ತದ. ಬೆಳಕ ಹಾದಲ್ಲಿ ಗಾಳಿ ಹಾಯಲ್ಲೇನು? ಗಾಳಿ ಹೆಚ್ಚಾದ್ರ ಡೀಸೆಲ್ ಕಮ್ಮಿ. ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ ಬರ್ತದ, ಬರ್ದಿದ್ರ ರೊಕ್ಕ ವಾಪಸ್."

ಅಯ್ಯಣ್ಣ ಗ್ರೀಸು ಗನ್ನು ಕೆಳಗಿಟ್ಟ. "ಬೆಳಕ ಹಾಯೋ ತೂತಿನ್ಯಾಗ ಧೂಳ ಹಾಯಂಗಿಲ್ಲೇನ್ರಿ?"

"ನೀ ಸುಮ್ಮಿರೋ ಅಯ್ಯಣ್ಣ," ಎಂದರು ಸಾಹೇಬರು. "ನಿನಗ ಹೊಸಾದು ಅಂದ್ರ ಮೈಗೆ ಆಗಂಗಿಲ್ಲ."

ಕೆಂಪು ಫಿಲ್ಟರು ಕೂತಿತು. ಲಿಂಬೆಹಣ್ಣು ಕೊಯ್ದು ಗಾಲಿಗೆ ಇಟ್ಟದ್ದೂ ಆಯಿತು. ಮರುದಿನ ಪರೀಕ್ಷೆಗೆ ಸಾಹೇಬರು ತಾವೇ ಲಾರಿ ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಕಿಸೆಯಲ್ಲಿ ಡೈರಿ, ಮಡಿಲಲ್ಲಿ ಅವರ ಹೆಂಡತಿ ಮುನವ್ವರ್ ಬೀ ಕಟ್ಟಿಕೊಟ್ಟ ಬುತ್ತಿ.

ಯಜಮಾನ ಪಕ್ಕದಲ್ಲಿ ಕೂತಾಗ ಲಾರಿ ನಡೆಸುವ ರೀತಿಯೇ ಬೇರೆ. ಹಸುಗೂಸು ಮಲಗಿದ ತೊಟ್ಟಿಲನ್ನು ತಳ್ಳಿದ ಹಾಗೆ ತಳ್ಳುತ್ತೇವೆ. ಸ್ಪೀಡಿನ ಮುಳ್ಳು ನಲವತ್ತರ ಮೇಲೆ ಏರಲಿಲ್ಲ. ಚಹಾಕ್ಕೆ ನಿಲ್ಲಿಸಿದಾಗೆಲ್ಲ ಇಂಜಿನ್ ಬಂದ್ ಮಾಡಿದೆ. ಬಸ್ಸಿನ ಜೊತೆ ಪಂದ್ಯ ಕಟ್ಟಲಿಲ್ಲ. ಎದುರಿಗೆ ಬಂದ ಎತ್ತಿನ ಬಂಡಿಗೂ ದಾರಿ ಬಿಟ್ಟೆ. ಅವತ್ತಿನ ಹೇರೂ ಹಗುರ, ಗೊಬ್ಬರದ ಬದಲು ಖಾಲಿ ಗೋಣಿಚೀಲ. ಕವಿತಾಳದಲ್ಲಿ ಗಿರಣಿಯ ಮುಂದಿನಿಂದಲೇ ಹಾದುಹೋದೆ. ಯಮನಮ್ಮ ಕ್ಯಾನು ಹಿಡಿದು ನಿಂತಿದ್ದವಳು, ಸಾಹೇಬರ ಟೋಪಿ ಕಂಡಿದ್ದೇ ಕ್ಯಾನನ್ನು ಸೆರಗಿನಲ್ಲಿ ಮರೆಮಾಡಿದಳು.

ಸಂಜೆ ಬಂಕಿನಲ್ಲಿ ಟ್ಯಾಂಕು ಮೂವತ್ತಾರು ಲೀಟರಿಗೇ ತುಂಬಿ ಚೆಲ್ಲಿತು.

"ಐದು!" ಎಂದು ಸಾಹೇಬರು ಕೂಗಿದರು. "ಲೀಟರಿಗೆ ಐದು ಕಿಲೋಮೀಟರ್! ವೆಂಕೋಬ, ಕಮಾಲ್ ಆತಲ್ಲೋ!"

ಅವರು ನನ್ನ ಹೆಗಲ ಮೇಲೆ ಕೈ ಹಾಕಿದರು. ಹತ್ತು ವರ್ಷದಲ್ಲಿ ಮೊದಲ ಸಲ. ನನ್ನ ಎದೆ ಮಾತ್ರ ಬೇರೆ ಲೆಕ್ಕ ಹಾಕುತ್ತಿತ್ತು. ಮುಂದಿನ ಸುತ್ತಿಗೆ ಮತ್ತೆ ನಲವತ್ತೈದು ಹಿಡಿದರೆ, ನಡುವಿನ ಒಂಬತ್ತು ಲೀಟರು ಎಲ್ಲಿ ಹೋಯಿತು ಎಂದು ಸಾಹೇಬರು ಕೇಳದೆ ಇರುತ್ತಾರೆಯೇ? ಫಿಲ್ಟರು ಅದೇ, ರಸ್ತೆ ಅದೇ. ಅವತ್ತು ಟ್ಯಾಂಕಿಗೆ ಇಳಿಯದೆ ಇದ್ದದ್ದು ನನ್ನ ಪೈಪು ಮಾತ್ರ. ಹತ್ತು ವರ್ಷ ಗಳಿಸಿದ ಹೆಸರು ಒಂದೇ ಸಂಜೆಯಲ್ಲಿ ಬಂಕಿನ ಕಟ್ಟೆಯ ಮೇಲೆ ಹರಾಜಾಗುತ್ತದೆ. ನೌಕರಿ ಹೋದರೆ ಇನ್ನೊಂದು ಸಿಗುತ್ತದೆ. ಸಾಹೇಬರು ನನ್ನನ್ನು ಕಳ್ಳ ಎಂದು ನೋಡುವುದನ್ನು ನನ್ನಿಂದ ಸಹಿಸಲು ಆಗುತ್ತಿರಲಿಲ್ಲ.

ಪೈಪನ್ನು ಸುತ್ತಿ ಸೀಟಿನ ಕೆಳಗೆ ಹಾಕಿದೆ. ಮುಂದಿನ ಸುತ್ತಿನಲ್ಲಿ ಒಂದು ಹನಿಯನ್ನೂ ಮುಟ್ಟಲಿಲ್ಲ. ಆದರೆ ಕದಿಯುವುದನ್ನು ಬಿಟ್ಟ ಮಾತ್ರಕ್ಕೆ ಮೂವತ್ತಾರು ಬರುವುದಿಲ್ಲವಲ್ಲ! ಹೇರು ಗೊಬ್ಬರದ್ದು, ಸಂಜೆಯೊಳಗೆ ಮುಟ್ಟಬೇಕು, ಲಾರಿ ತನ್ನ ಹಳೆಯ ನಲವತ್ತನ್ನು ಸುಟ್ಟೇ ಸುಡುತ್ತದೆ. ನಾಲ್ಕು ಲೀಟರು ಕಡಿಮೆ ಬೀಳುತ್ತಿತ್ತು, ಆ ನಾಲ್ಕಕ್ಕೂ ಅನುಮಾನ ನನ್ನ ಮೇಲೆಯೇ. ಕವಿತಾಳದಲ್ಲಿ ಗಿರಣಿಯ ಹಿಂದೆ ನಿಲ್ಲಿಸಿದೆ.

"ಯಣ್ಣಾ, ಕ್ಯಾನ್ ತೊಳದಿಟ್ಟೀನಿ," ಎಂದಳು ಯಮನಮ್ಮ.

"ತುಂಬಿ ಕೊಡು ಯವ್ವಾ. ನಿಮ್ಮ ಬ್ಯಾರಲ್‌ನಿಂದ ನಾಕ್ ಲೀಟರ್."

"ಗಿರಣಿ ಡೀಸೆಲ್ ಲಾರಿಗಾ?" ಅವಳು ಗಂಡನ ಮುಖ ನೋಡಿದಳು. "ಜಡ್ಡು ಬಂದದೇನು ನಿನಗ?"

ವಿಷಯ ಹೇಳಿದೆ. ಪಕೀರಪ್ಪ ಒಳ್ಳೆಯವನು. "ಇಷ್ಟು ವರ್ಷ ನೀವು ಕೊಟ್ರಿ, ಈಗ ನಾವು ಕೊಡ್ತೀವಿ ತಗೋರಿ," ಎಂದು ಅವನೇ ಸುರಿದ. ಸಂಜೆ ಬಂಕಿನಲ್ಲಿ ಸರಿಯಾಗಿ ಮೂವತ್ತಾರು ಹಿಡಿಯಿತು. ಸಾಹೇಬರು ಡೈರಿಯಲ್ಲಿ ಬರೆದುಕೊಂಡು, ಯಾಕೋ ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಆ ನೋಟ ಮೆಚ್ಚುಗೆಯದು ಎಂದುಕೊಂಡೆ.

ಒಂದೆರಡು ವಾರ ಹೀಗೆ ಸಂಭಾಳಿಸಿದರೆ ಸಾಹೇಬರ ಉಮೇದು ಇಳಿಯುತ್ತದೆ, ಡೈರಿ ಮೂಲೆ ಸೇರುತ್ತದೆ, ಆಮೇಲೆ ನಿಧಾನವಾಗಿ ಲೆಕ್ಕವನ್ನು ಮೇಲೇರಿಸಬಹುದು ಎಂಬುದು ನನ್ನ ಎಣಿಕೆ. ಆದರೆ ಅವರ ಉಮೇದು ಇಳಿಯಲಿಲ್ಲ, ಏರಿತು. ಗಂಜಿನಲ್ಲಿ ಯಾರು ಸಿಕ್ಕರೂ ಕೆಂಪು ಫಿಲ್ಟರಿನ ಪುರಾಣ. "ದಿನಾ ಹೋದಂಗ ಪಳಗಾಕತ್ತದ," ಎನ್ನುತ್ತಿದ್ದರು. "ನಿಜವಾದ ಆವರೇಜು ಐದಲ್ಲ, ಆರರ ಹತ್ರ!" ಡೈರಿಯಲ್ಲಿ ಐದು ಎಂದು ಬರೆದುಕೊಂಡು ಬಾಯಲ್ಲಿ ಆರು ಎನ್ನುವುದನ್ನು ಕೇಳಿ, ಸಾಹೇಬರಿಗೂ ಸ್ವಲ್ಪ ಬಡಾಯಿಯ ಚಟ ಇದೆ ಎಂದು ನಕ್ಕುಬಿಟ್ಟೆ. ಇನ್ನೂ ಏಳೆಂಟು ಯಜಮಾನರು ಅವರ ಮಾತು ನಂಬಿ ಹೈದರಾಬಾದಿನಿಂದ ಫಿಲ್ಟರು ತರಿಸಿ ಹಾಕಿದರು. ಒಬ್ಬೊಬ್ಬರೂ ಪರೀಕ್ಷೆಗೆಂದು ತಮ್ಮ ತಮ್ಮ ಲಾರಿ ಹತ್ತಿ ಕೂತರು. ಎಲ್ಲ ಲಾರಿಗಳ ಆವರೇಜೂ ಏರಿತು! ಆ ಫಿಲ್ಟರು ಗಾಳಿಯನ್ನು ಸೋಸಿತೋ ಇಲ್ಲವೋ, ರಾಯಚೂರಿನ ಡ್ರೈವರುಗಳನ್ನಂತೂ ಚೆನ್ನಾಗಿ ಸೋಸಿತು. ಅವರೆಲ್ಲ ನನ್ನ ಜೊತೆ ಚಹಾ ಕುಡಿಯುವುದನ್ನೇ ಬಿಟ್ಟರು.

ನಾಲ್ಕು ತಿಂಗಳ ಮೇಲೆ ಒಂದು ದಿನ ದೇವದುರ್ಗದಲ್ಲಿ ಹತ್ತಿ ಹೇರುವವರೆಗೆ ಪುರುಸೊತ್ತಿತ್ತು. ಬಾನೆಟ್ ಎತ್ತಿ, ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆ ಬಿಚ್ಚಿ ಒಳಗೆ ಬೆರಳಾಡಿಸಿದೆ. ಬೆರಳಿಗೆ ನುಣ್ಣನೆಯ ಧೂಳು ಮೆತ್ತಿತು. ಫಿಲ್ಟರು ದಾಟಿದ ಮೇಲೆ ಅಲ್ಲಿ ಧೂಳು ಇರಬಾರದು. ಅಯ್ಯಣ್ಣ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಬೆರಳ ತುದಿಯಲ್ಲಿತ್ತು.

ಅವತ್ತೇ ಹೋಗಿ ಸಾಹೇಬರಿಗೆ ಹೇಳಬೇಕಾಗಿತ್ತು. ರಾಯಚೂರಿನವರೆಗೂ ಮಾತು ಜೋಡಿಸಿಕೊಂಡೇ ಬಂದೆ. ಫಿಲ್ಟರು ಖರಾಬಿದೆ ಎಂದರೆ, ಮತ್ತೆ ಆವರೇಜು ಹೇಗೆ ಬರುತ್ತಿದೆ ಎಂದು ಕೇಳುತ್ತಾರೆ. ನಾನೇ ಹಾಕುತ್ತಿದ್ದೇನೆ ಎಂದರೆ, ಯಾಕೆ ಎನ್ನುತ್ತಾರೆ. ಮೊದಲು ತೆಗೆಯುತ್ತಿದ್ದೆ, ಅದು ಬಯಲಾಗಬಾರದೆಂದು ಎಂದು ಹೇಳಬೇಕು. ಒಂದು ಸುಳ್ಳಿನ ಬಾಲ ಹಿಡಿದು ಎಳೆದರೆ ಹತ್ತು ವರ್ಷದ ಕರುಳೆಲ್ಲ ಹೊರಗೆ ಬರುತ್ತದೆ. ಕೊಳವೆಯನ್ನು ಒರೆಸಿ ಹಾಗೆಯೇ ಜೋಡಿಸಿದ್ದೆ, ಸಾಹೇಬರಿಗೆ ಹೇಳದೆ ಮುಚ್ಚಿಟ್ಟೆ. ಅದು ನಾನು ಮಾಡಿದ ನಿಜವಾದ ತಪ್ಪು. ಐದು ಲೀಟರಿನದಲ್ಲ.

ಧೂಳು ಕುಡಿದ ಇಂಜಿನ್ ಒಳಗೊಳಗೇ ಸವೆಯತೊಡಗಿತು. ಏರಿನಲ್ಲಿ ತೇಕುತ್ತಿತ್ತು, ಹೊಗೆ ಕಪ್ಪಾಯಿತು. ನಲವತ್ತು ಸುಡುವುದು ನಲವತ್ತೆರಡಾಯಿತು, ಮರುವರ್ಷ ನಲವತ್ತೈದು, ಕೊನೆಕೊನೆಗೆ ನಲವತ್ತೆಂಟು. ಮೂವತ್ತಾರು ಮಾತ್ರ ಮೂವತ್ತಾರಾಗಿಯೇ ಇರಬೇಕು. ಫಿಲ್ಟರು ಲಾರಿಯನ್ನು ಹಾಳು ಮಾಡಿದಷ್ಟೂ ಫಿಲ್ಟರು ಒಳ್ಳೆಯದೆಂದು ತೋರಿಸಲು ನಾನು ಹೆಚ್ಚೆಚ್ಚು ಡೀಸೆಲ್ ಸುರಿಯಬೇಕಾಯಿತು.

ತಂಗಿಯ ಗಿರಣಿ ಎಷ್ಟೆಂದು ತಡೆದೀತು? ನನ್ನ ಐದು ಲೀಟರು ಬರುವುದು ನಿಂತು, ಅದರದ್ದೇ ಹೊರಗೆ ಹೋಗುತ್ತಿತ್ತು. ವಾರದಲ್ಲಿ ಎರಡು ದಿನ ನಿಲ್ಲುತ್ತಿದ್ದದ್ದು ನಾಲ್ಕು ದಿನ ನಿಲ್ಲತೊಡಗಿತು. ನಿಂತ ಗಿರಣಿಯ ಮುಂದೆ ಜೋಳದ ಬುಟ್ಟಿ ಹೊತ್ತು ಯಾರು ಕಾಯುತ್ತಾರೆ? ಹೆಂಗಸರು ಇನ್ನೊಂದು ಗಿರಣಿಯ ದಾರಿ ಹಿಡಿದರು. ಎಂಬತ್ತೆರಡರ ದೀಪಾವಳಿಯ ಹೊತ್ತಿಗೆ ಪಕೀರಪ್ಪ ಬೀಗ ಹಾಕಿ, ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರಲು ಹೋದ.

ಬೀಗ ಹಾಕಿದ ದಿನ ಯಮನಮ್ಮ ನನ್ನ ಮುಂದೆ ಖಾಲಿ ಕ್ಯಾನು ಕುಕ್ಕಿದಳು. "ಸತ್ಯವಂತ ಆಗಬೇಕಂತಿದ್ರ ನಿನ್ನ ಪಗಾರದಾಗ ಆಗಪ್ಪಾ. ನಮ್ಮ ಗಿರಣ್ಯಾಗ ಯಾಕ ಆದಿ?"

ಖಾಲಿ ಕ್ಯಾನನ್ನು ಎತ್ತಿ ಲಾರಿಯಲ್ಲಿಟ್ಟುಕೊಂಡೆ. ಅಲ್ಲಿಂದ ಮುಂದೆ ದೇವದುರ್ಗದಲ್ಲಿ ನನ್ನದೇ ದುಡ್ಡಿನಿಂದ ಕ್ಯಾನು ತುಂಬಿಸಿದೆ. ಅರ್ಧ ಪಗಾರ ಟ್ಯಾಂಕಿಗೆ ಹೋಯಿತು. ಹೆಂಡತಿ ಮೂಕಮ್ಮ, ನಾನು ಊರಲ್ಲಿ ಯಾರನ್ನೋ ಇಟ್ಟುಕೊಂಡಿದ್ದೇನೆ ಎಂದು ಅನುಮಾನಪಟ್ಟು ಎರಡು ತಿಂಗಳು ಮಾತು ಬಿಟ್ಟಳು. ಡೀಸೆಲ್ ವಾಸನೆಯ ಸವತಿ ಯಾರಿಗಿರುತ್ತಾಳೆ ಎಂದು ಕೇಳಿದರೂ ನಂಬಲಿಲ್ಲ. ಆದರೂ ಬಂಕಿನಲ್ಲಿ ಮೀಟರು ಮೂವತ್ತಾರಕ್ಕೆ ನಿಂತು, ಸಾಹೇಬರು "ಶಾಬಾಶ್" ಎಂದಾಗ ನನಗೆ ಒಳಗೆ ತಂಪಾಗುತ್ತಿತ್ತು. ಕಳ್ಳನಾಗಿದ್ದಾಗ ಸಿಗದ ನಿದ್ದೆ ಈಗ ಸಿಗುತ್ತಿದೆ ಎನಿಸುತ್ತಿತ್ತು. ಅವರ ಕಣ್ಣಲ್ಲಿ ನಾನು ಅಪ್ಪಟ ಮನುಷ್ಯ. ಅದಕ್ಕೆ ಅರ್ಧ ಪಗಾರ ಹೆಚ್ಚಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಎಂಬತ್ತಮೂರರ ಬೇಸಿಗೆಯಲ್ಲಿ, ಹತ್ತಿ ಹೇರಿಕೊಂಡು ಬರುವಾಗ, ಗಬ್ಬೂರಿನ ಹತ್ತಿರ ಇಂಜಿನ್ ಒಂದು ಸಲ ಕೆಮ್ಮಿ ನಿಂತುಬಿಟ್ಟಿತು. ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಅಯ್ಯಣ್ಣನ ಗ್ಯಾರೇಜಿಗೆ ಮುಟ್ಟಿಸಿದೆವು.

ಮರುದಿನ ಅಯ್ಯಣ್ಣ ಇಂಜಿನ್ನಿನ ತಲೆ ಬಿಚ್ಚಿದ. ಸಾಹೇಬರು ಪಕ್ಕದಲ್ಲಿ ನಿಂತಿದ್ದರು, ನಾನು ಅವರ ಹಿಂದೆ. ಅಯ್ಯಣ್ಣ ಸಿಲಿಂಡರಿನೊಳಗೆ ಬೆರಳಿಟ್ಟು ನಮ್ಮ ಮುಂದೆ ಹಿಡಿದ.

"ಧೂಳ ತಿಂದು ಸತ್ತದ ಸಾಹೇಬ್ರ. ರಿಂಗು, ಲೈನರು ಎಲ್ಲಾ ಬೀಸಿದಂಗ ಆಗ್ಯಾವ. ಇದು ಇವತ್ತ ಸತ್ತಿದ್ದಲ್ಲ, ವರ್ಷದಿಂದ ಸಾಯಾಕತ್ತದ. ಇಂಥಾ ಇಂಜಿನ್ನು ಲೀಟರಿಗೆ ನಾಕು ಸುದ್ದಾ ಕೊಡಂಗಿಲ್ಲ."

"ಸುಳ್ಳು!" ಸಾಹೇಬರು ಡೈರಿ ತೆಗೆದರು. "ಮೊನ್ನಿ ಬುಧವಾರ ಮೂವತ್ತಾರ ಲೀಟರ್. ಹ್ವಾದ ವಾರಾನೂ ಮೂವತ್ತಾರ. ನೋಡಿಲ್ಲಿ."

"ಹಂಗಾರ ದಾರ್ಯಾಗ ಡೀಸೆಲ್ ಮಳಿ ಬಿದ್ದಿರಬೇಕು," ಎಂದ ಅಯ್ಯಣ್ಣ. ಎಂದವನು ನನ್ನ ಕಡೆ ತಿರುಗಿದ. ಅವನಿಗೆ ಇಂಜಿನ್ನೂ ಗೊತ್ತು, ಡ್ರೈವರುಗಳೂ ಗೊತ್ತು.

ಸಾಹೇಬರ ಬೆನ್ನ ಹಿಂದಿನಿಂದ ಮುಂದೆ ಬಂದೆ. "ನಾನ ಹಾಕೀನ್ರಿ ಸಾಹೇಬ್ರ," ಎಂದೆ. "ಎರಡು ವರ್ಷ ಆತು. ಪ್ರತಿ ಸುತ್ತಿಗೂ ಹಾಕೀನಿ. ಫಿಲ್ಟರ್ ಏನೂ ಉಳಸಿಲ್ಲ."

ಅಯ್ಯಣ್ಣ ಗಹಗಹಿಸಿ ನಕ್ಕ. "ಡೀಸೆಲ್ ತಗಿಯೋ ಡ್ರೈವರ್‌ನ ಕಂಡೀನಿ. ಹಾಕೋ ಡ್ರೈವರ್‌ನ ಇವತ್ತ ನೋಡಾಕತ್ತೀನಿ ನೋಡ್ರಿ!"

ಸಾಹೇಬರು ನಗಲಿಲ್ಲ. ಹಳೆಯ ಟೈರಿನ ಮೇಲೆ ಕೂತರು. ಡೈರಿ ಮುಚ್ಚಿ ಕೇಳಿದರು: "ಅಂದ್ರ, ನಿನ್ನ ಐದು ಲೀಟರ್ ತಗೊಂಡು, ಮತ್ತ ಅದನ್ನ ಹಾಕ್ತಿದ್ದೇನು?"

"ಯಾವ ಐದ್ರಿ?"

"ಕವಿತಾಳದ್ದು."

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನಲೇ? ಟ್ಯಾಂಕಿನ ಮುಚ್ಚಳದ ಸುತ್ತ ಪ್ರತಿ ಸಲಾ ಜೋಳದ ಹಿಟ್ಟು ಹತ್ತಿರ್ತಿತ್ತು. ಲಾರಿಗೇನು ರೊಟ್ಟಿ ಬಡೀತಿದ್ದೇನು?" ಸಾಹೇಬರ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಅಬ್ಬಾನೂ ಕಣದಾಗ ಆಯ ಕೊಟ್ಟಾರ. ಇದು ನಿನ್ನ ಆಯ ಅಂತ ಬಿಟ್ಟಿದ್ದೆ. ಕೇಳಲಿಲ್ಲ, ನೀನೂ ಹೇಳಲಿಲ್ಲ."

"ಅವತ್ತ ಪರೀಕ್ಷಾ ಆದ ಮ್ಯಾಲ ನಾ ಒಂದ ಹನಿ ತಗೊಂಡಿಲ್ರಿ. ನಮ್ಮವ್ವನ ಆಣಿ."

"ಅಯ್ಯೋ ಮಾರಾಯ!" ಸಾಹೇಬರು ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅವತ್ತ ನಾ ಬಾಜೂಕ ಕುಂತಿದ್ದೆ, ನೀ ತಗಿಯಾಕ ಆಗಲಿಲ್ಲ, ಮೂವತ್ತಾರ ಬಂತು. ಮುಂದಿನ ಸಲ ನಿನ್ನ ಐದು ಸೇರಿ ನಲವತ್ತೊಂದು ಬರ್ತದ ಅಂತ ಕಾದೆ. ಮತ್ತ ಮೂವತ್ತಾರ! ಇವ ಐದು ತಗೊಂಡೂ ಮೂವತ್ತಾರ ಬರಾಕತ್ತದ ಅಂದ್ರ ಲಾರಿ ಸುಡೋದು ಮೂವತ್ತೊಂದ. ಅಂದ್ರ ಆವರೇಜು ಆರರ ಹತ್ರ! ಆ ಕೆಂಪು ಫಿಲ್ಟರ್‌ನ ಊರೆಲ್ಲಾ ಹೊಗಳಿದೆ."

ಅಯ್ಯಣ್ಣ ಬೆರಳನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ.

"ಎಂದಿನಂಗ ನೀ ತಗೊಂಡಿದ್ರ," ಸಾಹೇಬರು ನನ್ನನ್ನೇ ನೋಡುತ್ತ ಹೇಳಿದರು, "ಮುಂದಿನ ಸುತ್ತಿಗೇ ನಲವತ್ತೈದು ಬರ್ತಿತ್ತು. ಅವತ್ತ ಅದನ್ನ ಕಿತ್ತು ತಿಪ್ಪಿಗೆ ಒಗಿತಿದ್ದೆ. ನೀ ಕದ್ದಿದ್ರ ನನ್ನ ಇಂಜಿನ್ ಉಳೀತಿತ್ತಲ್ಲೋ ವೆಂಕೋಬ."

ನಾನು ಅತ್ತುಬಿಟ್ಟೆ. ಇಂಜಿನ್ನಿಗಾಗಿ ಅಲ್ಲ, ನನ್ನ ಅರ್ಧ ಪಗಾರಕ್ಕೂ ಅಲ್ಲ. ಈ ಮನುಷ್ಯನ ಕಣ್ಣಲ್ಲಿ ಕಳ್ಳನಾಗಬಾರದೆಂದು ಎರಡು ವರ್ಷ ನಾನು ಹೆಣಗಿದ್ದೆ. ಆ ಎರಡು ವರ್ಷವೂ, ಶಾಬಾಶ್ ಎನ್ನುವಾಗಲೂ, ಇವರು ನನ್ನನ್ನು ಕಳ್ಳನೆಂದೇ ತಿಳಿದಿದ್ದರು.

ಸಾಹೇಬರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬೈಯಲೂ ಇಲ್ಲ. ಮುನವ್ವರ್ ಬೀಯ ಬಳೆ ಅಡವಿಟ್ಟು ಇಂಜಿನ್ನಿಗೆ ಹೊಸ ರಿಂಗು, ಲೈನರು ಹಾಕಿಸಿದರು. ಅಯ್ಯಣ್ಣ ಗುಜರಿ ರಾಶಿಯಿಂದ ಹಳೆಯ ಎಣ್ಣೆ ಡಬ್ಬಿಯನ್ನು ಹುಡುಕಿ, ತೊಳೆದು ಕೂಡಿಸಿದ. ಮೊದಲ ಸುತ್ತಿಗೆ ಹೊರಡುವ ಬೆಳಿಗ್ಗೆ ಸಾಹೇಬರು ಬಂಕಿನವರೆಗೂ ನಡೆದುಬಂದರು.

"ನಿನ್ನ ಐದು ತಪ್ಪಸಬ್ಯಾಡ," ಎಂದರು. "ನಲವತ್ತೈದಕ್ಕ ಒಂದು ಹೆಚ್ಚಾದ್ರೂ ಒಂದು ಕಮ್ಮಿ ಆದ್ರೂ ಇಂಜಿನ್‌ನ್ಯಾಗ ಏನೋ ಅದ ಅಂತ ನನಗ ತಿಳೀಬೇಕು. ನೀ ಸತ್ಯ ಹರಿಶ್ಚಂದ್ರ ಆಗಬ್ಯಾಡಪ್ಪಾ, ಹಿಸಾಬ್ ಕೆಡ್ತದ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ತಲೆಯಾಡಿಸಿ ಲಾರಿ ಹತ್ತಿದೆ.

ಕವಿತಾಳದಲ್ಲಿ ಗಿರಣಿಯ ಹಿಂದೆ ನಿಲ್ಲಿಸಿ, ಪೈಪು ಇಳಿಬಿಟ್ಟು, ಬಾಯಿಂದ ಎಳೆದೆ. ಎರಡು ವರ್ಷದ ಮೇಲೆ ಡೀಸೆಲ್ ನಾಲಿಗೆಗೆ ತಾಗಿ ಓಕರಿಕೆ ಬಂತು. ಅಪ್ಪಣೆಯಾದಂತೆ ಐದು ಲೀಟರು ಅಳೆದು ತೆಗೆದೆ. ಗಿರಣಿಗೆ ಬೀಗ ಬಿದ್ದು ಆರು ತಿಂಗಳಾಗಿತ್ತು. ತುಂಬಿದ ಕ್ಯಾನನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಆ ಬಾಗಿಲಿನ ಮುಂದೆ ನಿಂತುಕೊಂಡೆ.